ಬ್ಯಾಕಪ್‌ನಲ್ಲಿ ಸಿಕ್ಕವರೆಲ್ಲ ತೀರಿಹೋದವರು

ಕಮಲಾಪುರದ ಫೋಟೋ ಸ್ಟುಡಿಯೋದಲ್ಲಿ ಕಂಪ್ಯೂಟರ್ ಕೆಟ್ಟಿದೆ ಎಂಬ ಸುದ್ದಿ ಬಂದಾಗ ನಾನು ಕಲಬುರಗಿಯ ಐವಾನ್-ಎ-ಶಾಹಿ ಬಳಿಯ ನಮ್ಮ ಆಫೀಸಿನಲ್ಲಿ, ಸಾಹೇಬರ ದನಿಯಲ್ಲಿ ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಅಂಗಡಿಗಳಿಗೆ ಬ್ಯಾಕಪ್ ಸಾಫ್ಟ್‌ವೇರ್ ಹಾಕಿಕೊಡುವುದು, ಅದು ಕೈಕೊಟ್ಟರೆ ಯಾಕೆಂದು ಹುಡುಕಿ ವರದಿ ಬರೆಯುವುದು ನನ್ನ ಕೆಲಸ. ಕಂಡವರ ದನಿ ತೆಗೆದು ಅಣಕಿಸುವುದು ಯಾರೂ ಹೇಳದ ಕೆಲಸ. ಅದನ್ನೇ ಹೆಚ್ಚು ಶ್ರದ್ಧೆಯಿಂದ ಮಾಡುತ್ತೇನೆ.

ಕಮಲಾಪುರ ಮುಟ್ಟಿದಾಗ ಸ್ಟುಡಿಯೋ ಮಾಲೀಕರಾದ ಕಾಕಾ ಬಾಗಿಲಲ್ಲೇ ನಿಂತಿದ್ದರು. ಕೋಟನೂರಿನ ಮೇಷ್ಟ್ರ ಮಗಳ ಮದುವೆ ಫೋಟೋಗಳೆಲ್ಲ ಆ ಕಂಪ್ಯೂಟರಿನ ಡಿಸ್ಕಿನಲ್ಲಿದ್ದವು. ಕ್ಯಾಮೆರಾದ ಕಾರ್ಡನ್ನು ಮುಂದಿನ ಮದುವೆಗೆಂದು ಅಳಿಸಿಯಾಗಿತ್ತು. ಆಲ್ಬಂ ಇನ್ನೂ ಮಾಡಿರಲಿಲ್ಲ.

“ಚಿಂತಿ ಬ್ಯಾಡ್ರಿ ಕಾಕಾ, ಬ್ಯಾಕಪ್ ಅದ,” ಎಂದು ಬ್ಯಾಕಪ್ ಡ್ರೈವನ್ನು ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಸಾಫ್ಟ್‌ವೇರ್ ದಿನವೂ ತಪ್ಪದೆ ‘ಯಶಸ್ವಿ’ ಎಂದು ಹಸಿರು ಗುರುತು ಹಾಕಿತ್ತು. ತೆರೆದೆ. ಒಬ್ಬ ಅಜ್ಜ, ಕೊರಳಲ್ಲಿ ಹಾರ, ಹಿಂದೆ ದೀಪ. ಆಮೇಲೆ ಒಬ್ಬ ಅಜ್ಜಿ. ಅದೇ ಹಾರ, ಅದೇ ದೀಪ. ಪರದೆ ತುಂಬ ತೀರಿಹೋದವರು. ಮದುಮಗಳು ಒಬ್ಬಳೂ ಇಲ್ಲ.

“ಮದಿವಿ ಎಲ್ಲಿ ಹಾಕಿದಿಯೋ?” ಎಂದರು ಕಾಕಾ.

“ಮದಿವಿ ಕದ್ದು ನಾ ಏನ್ ಮಾಡ್ಲಿರಿ? ನನ್ನದೇ ಇನ್ನಾ ಆಗಿಲ್ಲ.”

“ನಿಮ್ಮ ಸಾಫ್ಟ್‌ವೇರ್ ಚೊಲೋ ಚೊಲೋ ಫೋಟೋ ಬ್ಯಾರೆ ಕಡಿ ಕಳಸ್ತದ. ನನಗ ಮೊದಲೇ ಗುಮಾನಿ ಇತ್ತು.”

ಗುಮಾನಿ ನನಗೂ ಇತ್ತು, ಅವರ ಮೇಲೆ. ಏನನ್ನೋ ಅಳಿಸಿ ಗಪ್‌ಚುಪ್ ಕೂತಿದ್ದಾರೆ ಅನ್ನಿಸಿತು.

ಯೋಚಿಸಲು ಚಹಾಕ್ಕೆ ಹೊರಬಂದೆ. ಅಷ್ಟರಲ್ಲಿ ಸಾಹೇಬರು ಕಾಕಾಗೆ ಫೋನ್ ಮಾಡಿದರಂತೆ. ಕಾಕಾ ಅದು ಸಾಹೇಬರ ದನಿ ತೆಗೆದ ನಾನೇ ಎಂದುಕೊಂಡು, “ಸಾಕು ಮಾಡೋ ನಿನ್ನ ನಾಟಕ, ಚಾ ಕುಡುದು ಲಗೂನ ಬಾ,” ಎಂದು ಇಟ್ಟುಬಿಟ್ಟರು. ಸಾಹೇಬರು ನನಗೆ ಫೋನ್ ಮಾಡಿ ಕೂಗಾಡಿದರು. ಅವರ ಸ್ವಂತ ದನಿ, ನಾನು ತೆಗೆಯುವ ಅವರ ದನಿಯಷ್ಟು ಚೆನ್ನಾಗಿರಲಿಲ್ಲ.

ಮರಳಿ ಬಂದು, ಕೇಳುವುದನ್ನು ಬಿಟ್ಟೆ. ಕೇಳಿದರೆ ಎಲ್ಲರೂ ‘ದಿನಾ ಮಾಡಿದಂಗೇ ಮಾಡೀನಿ’ ಎನ್ನುತ್ತಾರೆ. ಲ್ಯಾಪ್‌ಟಾಪನ್ನು ಅವರ ಮುಂದೆ ತಳ್ಳಿ, “ಕಾಕಾ, ಇದೇ ನಿಮ್ಮ ಕಂಪ್ಯೂಟರ್ ಅನ್ಕೋರಿ. ಒಂದು ಮದಿವಿ ಹೆಂಗ ಇಡ್ತೀರಿ, ಮಾಡಿ ತೋರಸ್ರಿ,” ಎಂದೆ.

ಅವರು ‘ಫೋಟೋ’ ಎಂಬ ಫೋಲ್ಡರನ್ನು ಮುಟ್ಟಲೇ ಇಲ್ಲ. ಅದರ ಹೊರಗೆ ಇನ್ನೊಂದು ಮಾಡಿ ‘ಶುಭ’ ಎಂದು ಹೆಸರಿಟ್ಟರು.

“ಇದು ಯಾವಾಗಿಂದ್ರಿ?”

ಹಿಂದೊಮ್ಮೆ ಮದುಮಗಳ ಮನೆಯವರು ಫೋಟೋ ಆರಿಸಲು ಕೂತಿದ್ದಾಗ, ಪರದೆಯಲ್ಲಿ ಅವಳ ಪಕ್ಕಕ್ಕೇ ಹಾರ ಹಾಕಿಕೊಂಡ ಯಾರದೋ ಅಜ್ಜ ಬಂದರಂತೆ. ಹುಡುಗಿಯ ಸೋದರತ್ತೆ ಎದ್ದೇ ಹೋದರಂತೆ. ಅಂದೇ ಕಾಕಾ ಮದುವೆ, ತೊಟ್ಟಿಲು ಎಲ್ಲವನ್ನೂ ‘ಶುಭ’ಕ್ಕೆ ಎತ್ತಿಟ್ಟರು. ತೀರಿದವರ ದಿವಸದ ಕಾರ್ಯಕ್ಕೆ ಮಾಡಿಸುವ ಫೋಟೋಗಳು ಮಾತ್ರ ಹಳೆಯ ಜಾಗದಲ್ಲೇ, ‘ಫೋಟೋ’ ಫೋಲ್ಡರಿನಲ್ಲೇ ಉಳಿದವು. ಸಾಫ್ಟ್‌ವೇರಿಗೆ ಗೊತ್ತಿದ್ದದ್ದು ಹಳೆಯ ಜಾಗ ಒಂದೇ. ಅಲ್ಲಿಂದ ಹೋದದ್ದನ್ನು ತಾನೂ ಅಳಿಸಿ, ಉಳಿದವರನ್ನು ದಿನವೂ ಜತನ ಮಾಡಿತ್ತು.

ಪರದೆಯ ಚಿತ್ರ ತೆಗೆದುಕೊಂಡು ವರದಿ ಬರೆದೆ: ‘ಬ್ಯಾಕಪ್ ಸರಿಯಾಗಿದೆ. ಅದಕ್ಕೆ ತೋರಿಸಿದ ಫೋಲ್ಡರಿನಲ್ಲಿ ಮದುವೆಗಳಿಲ್ಲ.’

ಕಾಕಾ ಓದಿದರು. “ಅಂದ್ರ ತಪ್ಪು ನಂದಂತಿ?”

“ಹಂಗ ಬರದಿಲ್ರಿ.”

“ಓದಿದ್ರ ಹಂಗೇ ಕಾಣ್ತದ.”

ಕೆಟ್ಟ ಡಿಸ್ಕಿನಿಂದ ಫೋಟೋ ತೆಗೆಯುವವರೊಬ್ಬರು ಕಲಬುರಗಿಯ ಶಹಾಬಜಾರದ ಗಲ್ಲಿಯಲ್ಲಿದ್ದಾರೆ. ನಾನೇ ಒಯ್ಯುತ್ತೇನೆಂದರೆ ಕಾಕಾ ಒಪ್ಪಲಿಲ್ಲ, ದಾರಿಯಲ್ಲಿ ಬದಲಿಸಿಬಿಟ್ಟರೆ? ಡಿಸ್ಕು, ಡ್ರೈವು ಎರಡನ್ನೂ ಟವೆಲಿನಲ್ಲಿ ಸುತ್ತಿ, ಕೂಸಿನಂತೆ ಹಿಡಿದು ನನ್ನ ಬೈಕಿನ ಹಿಂದೆ ಕೂತರು.

ಸಂಜೆಯ ಹೊತ್ತಿಗೆ ಮದುವೆ ನನ್ನ ಲ್ಯಾಪ್‌ಟಾಪಿಗೆ ಬಂತು. ಕೆಲವು ಅರ್ಧ ಬೂದುಬಣ್ಣ. ತಾಳಿ ಕಟ್ಟುವುದು ಪೂರ್ತಿ ಸಿಕ್ಕಿತ್ತು. ಕಾಕಾ ಸ್ಟೂಲಿನ ಮೇಲೆ ಕೂತು ನೀರು ಕೇಳಿದರು.

“ಇವತ್ತೊಂದಿನ ನನ್ನ ಲ್ಯಾಪ್‌ಟಾಪಿನ್ಯಾಗ ಇರ್ಲಿರಿ. ನಾಳಿ ಹೊಸಾ ಡ್ರೈವ್ ತಗೊಂಡು ತಂದು ಕೊಡ್ತೀನಿ.”

ಅವರು ನನ್ನ ಮುಖ ನೋಡಿದರು. ಆಮೇಲೆ ಟವೆಲಿನಲ್ಲಿದ್ದ ಹಾರದವರ ಡ್ರೈವನ್ನು ನೋಡಿದರು. ಮತ್ತೆ ನನ್ನ ಮುಖ.

“ನಿನಕಿಂತ ಅವರೇ ಪಾಡ, ಯಾರೂ ಕದಿಯಂಗಿಲ್ಲ. ಹಾಕು, ಅಜ್ಜಾರ ಜೋಡಿ.”

ಹಾಕಿದೆ. ಕಾಕಾ ಕಣ್ಣು ಮುಚ್ಚಿ ಕೈ ಮುಗಿದರು. ಬಳಿಕ ನನ್ನ ಕೈಯಿಂದ ಮೌಸ್ ಕಿತ್ತುಕೊಂಡು, ಬಂದಿದೆಯೋ ಇಲ್ಲವೋ ಎಂದು ಒಂದೊಂದೇ ಫೋಟೋ ತೆರೆಯತೊಡಗಿದರು.