ಸೀಲಿಲ್ಲದ ಮೇಷ್ಟ್ರು

ಮೇಷ್ಟ್ರ ಬಲಗೈಯ ಹೆಬ್ಬೆರಳು, ತೋರುಬೆರಳು ಸದಾ ಕಪ್ಪಗಿರುತ್ತಿದ್ದವು. ಸಿಲ್ವರ್ ನೈಟ್ರೇಟಿನ ಕಲೆ ಅದು. ಸೋಪಿಗೆ ಹೋಗುವುದಿಲ್ಲ, ಚರ್ಮ ಸುಲಿದು ಹೊಸದು ಬಂದಾಗಲೇ ಹೋಗುತ್ತದೆ. ಅಷ್ಟರಲ್ಲಿ ಮತ್ತೆ ತಾಗಿರುತ್ತಿತ್ತು.

ಮಂಡ್ಯದ ಕಾಲೇಜಿನಲ್ಲಿ ಅವರು ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕರು. ಹದಿನಾಲ್ಕು ವರ್ಷದಿಂದ ಅತಿಥಿ. ಸ್ಟಾಫ್ ರೂಮಿನಲ್ಲಿ ಬೀರು ಕೊಟ್ಟಿರಲಿಲ್ಲ. ಊಟದ ಡಬ್ಬಿಯನ್ನು ಲ್ಯಾಬಿನ ಕಿಟಕಿಯಲ್ಲಿ ಇಡುತ್ತಿದ್ದರು. ಬಸರಾಳಿನಿಂದ ಅವರು, ಕೊಪ್ಪದಿಂದ ಅವರ ವಿದ್ಯಾರ್ಥಿನಿ ನಾನು, ಇಬ್ಬರೂ ಮೊದಲ ಬಸ್ಸಿಗೇ ಬರುತ್ತಿದ್ದೆವು. ಲ್ಯಾಬಿನ ಗಾಜಿನ ಸಾಮಾನು ತೊಳೆದಿಡುತ್ತಿದ್ದೆವು. ಒಮ್ಮೆ ಪ್ರಯೋಗದ ಫಲಿತಾಂಶಕ್ಕೆ ತರಗತಿಯವರೆಲ್ಲ ಪುಸ್ತಕದ ಉತ್ತರ ಬರೆದಾಗ ನಾನು ನನಗೆ ಬಂದ ತಪ್ಪು ಸಂಖ್ಯೆಯನ್ನೇ ಬರೆದಿದ್ದೆ. ಮೇಷ್ಟ್ರು ಅದಕ್ಕೇ ಟಿಕ್ ಹಾಕಿದ್ದರು.

ಹೊರರಾಜ್ಯದ ಸಂಸ್ಥೆಯೊಂದಕ್ಕೆ ಎಂ.ಎಸ್ಸಿ. ಅರ್ಜಿ ಹಾಕಲು ಅಧ್ಯಾಪಕರ ಶಿಫಾರಸು ಪತ್ರ ಬೇಕಿತ್ತು. ಅವರನ್ನೇ ಕೇಳಿದೆ.

"ನನ್ ಕಾಗ್ದ ತಕಂಡು ಏನ್ ಮಾಡೀಯವ್ವ? ನಂಗೆ ಸೀಲೂ ಇಲ್ಲ, ಲೆಟರ್‌ಹೆಡ್ಡೂ ಇಲ್ಲ. ದೊಡ್ಡೋರ್ ತಾವ ಓಗು."

ವಿಭಾಗದ ಮುಖ್ಯಸ್ಥರಿಗೆ ನನ್ನ ಹೆಸರೂ ನೆನಪಿರಲಿಲ್ಲ. ನೀನೇ ಬರೆದುಕೊಂಡು ಬಾ, ಸಹಿ ಹಾಕುತ್ತೇನೆ ಎಂದರು. ನನ್ನ ಬಗ್ಗೆ ನಾನೇ ಏನು ಬರೆದುಕೊಳ್ಳಲಿ? ಎರಡು ದಿನ ಖಾಲಿ ಹಾಳೆ ಹಿಡಿದು ಕೂತೆ. ಮೂರನೆಯ ದಿನ ಮೇಷ್ಟ್ರು ಹಾಳೆ ಕಿತ್ತುಕೊಂಡು, ಡಬ್ಬಿ ಪಕ್ಕಕ್ಕೆ ಸರಿಸಿ, ಊಟದ ಬಿಡುವಿನಲ್ಲೇ ಬರೆದುಕೊಟ್ಟರು. ಟೈಪ್ ಮಾಡಿಸಿ ಒಯ್ದೆ. ಮುಖ್ಯಸ್ಥರು ಓದದೆ ಸೀಲು ಒತ್ತಿದರು.

ಸಂದರ್ಶನದಲ್ಲಿ ಒಬ್ಬರು ಅದರ ಒಂದು ಸಾಲನ್ನು ಗಟ್ಟಿಯಾಗಿ ಓದಿದರು. ಫಲಿತಾಂಶ ತಪ್ಪಿದರೆ ಈಕೆ ತಿದ್ದಿ ಬರೆಯುವುದಿಲ್ಲ, ತಪ್ಪಿದೆ ಎಂದೇ ಹೇಳುತ್ತಾಳೆ ಎಂದಿತ್ತು. ನಿಮ್ಮ ಮುಖ್ಯಸ್ಥರು ನಿಮ್ಮನ್ನು ಚೆನ್ನಾಗಿ ಬಲ್ಲರು ಎಂದರು. ನಾನು ಹೌದೆಂದು ತಲೆಯಾಡಿಸಿದೆ.

ಸೀಟು ಸಿಕ್ಕಿದ ಮೇಲೆ ಮೇಷ್ಟ್ರಿಗೆ ಫೋನು ಮಾಡಿ, ನಿಮ್ಮ ಹೆಸರು ಹೇಳಬೇಕಿತ್ತು ಎಂದು ಅತ್ತೆ.

"ಯೋಳಿದ್ದಿದ್ರೆ ಸೀಟು ಓಗೋದು. ಬುಡವ್ವ, ಓದ್ಕೊ," ಎಂದು ನಕ್ಕರು.

ಹೋದ ತಿಂಗಳು ಎದೆನೋವಿನಿಂದ ತೀರಿಕೊಂಡರು. ಬಸರಾಳಿನ ಅವರ ಮನೆಯಲ್ಲಿ ನನ್ನ ಗುರುತು ಯಾರಿಗೂ ಇರಲಿಲ್ಲ. ಜಗುಲಿಯ ಮೇಲೆ ಮಲಗಿಸಿದ್ದರು. ಬೆರಳುಗಳಲ್ಲಿ ಕಲೆಯಿರಲಿಲ್ಲ. ಈ ವರ್ಷ ಕಾಲೇಜಿನಿಂದ ಮತ್ತೆ ಕರೆ ಬಂದಿರಲಿಲ್ಲವಂತೆ.

ಯಾರ ಮಗಳೆಂದು ಅವರ ಹೆಂಡತಿ ಕೇಳಿದರು. ಶಿಷ್ಯೆ ಎಂದು, ಪತ್ರದ ಸಂಗತಿ ಹೇಳಿದೆ. ಅವರಿಗೆ ಅದು ಗೊತ್ತೇ ಇರಲಿಲ್ಲ. ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದರು.

"ಅದ್ರಲ್ಲಿ ಅವ್ರ ಎಸ್ರಿತ್ತೇನವ್ವ?"

ಇತ್ತು ಎಂದಿದ್ದರೆ ಅವರಿಗೆ ಅಷ್ಟಾದರೂ ಉಳಿಯುತ್ತಿತ್ತು. ಮೇಷ್ಟ್ರ ಬೆರಳುಗಳನ್ನು ಇನ್ನೊಮ್ಮೆ ನೋಡಿದೆ.

"ಇರ್ಲಿಲ್ಲ ಕಣಮ್ಮ," ಎಂದೆ. "ಸಂದರ್ಶನದಲ್ಲಿ ಆ ಮಾತು ಬಂದಾಗ ನಾನೂ ಹೇಳ್ಲಿಲ್ಲ."