ತಲೆದೆಸೆಯ ಗೆಡ್ಡೆಗಳು

ಅಪ್ಪ ಹಗಲು ಹೊತ್ತಿನಲ್ಲಿ ಮಲಗಿದ್ದನ್ನು ನಾನು ನೋಡಿದವಳೇ ಅಲ್ಲ. ಹಾವೇರಿಯ ಬಟ್ಟೆ ಅಂಗಡಿಯ ಗಾದಿಯ ಮೇಲೆ ಜೀವಮಾನವೆಲ್ಲ ಚಕ್ಕಳಮಕ್ಕಳ ಹಾಕಿ ಕೂತ ಮನುಷ್ಯ. ಕುರ್ಚಿ ಕೊಟ್ಟರೂ ಅದರ ಮೇಲೆ ಕಾಲು ಮಡಚಿಯೇ ಕೂರುತ್ತಿದ್ದ. ಜುಲೈನಲ್ಲಿ ಅಪ್ಪ ಅವ್ವ ಇಬ್ಬರೂ ಕಡಲಾಚೆಯ ಸಮರ್‌ಸೆಟ್‌ನ ನಮ್ಮ ಮನೆಗೆ ಬಂದಾಗ, ಏರ್‌ಪೋರ್ಟಿನ ವೀಲ್‌ಚೇರಿನಲ್ಲೂ ಹಾಗೇ ಕೂತಿದ್ದ. ತಳ್ಳಿಕೊಂಡು ಬಂದವನೂ ನಕ್ಕ, ನಾನೂ ನಕ್ಕೆ. ಸೆಪ್ಟೆಂಬರಿನ ಒಂದು ಬೆಳಿಗ್ಗೆ, ನಾನು ಪಾರ್ಸಿಪನಿಯ ಆಫೀಸಿಗೆ ಡ್ರೈವ್ ಮಾಡುತ್ತಿದ್ದಾಗ, ಅಪ್ಪ ನಮ್ಮ ಸೋಫಾದ ಮೇಲೆ ಕೂತಲ್ಲೇ ಹೋಗಿಬಿಟ್ಟ.

ಕೂತಲ್ಲೇ ಹೋದವನನ್ನು ಮಲಗಿಸಿದವರು ನಾವು.

ನಾವು ಲಿಂಗಾಯತರು, ನಮ್ಮಲ್ಲಿ ಸುಡುವುದಿಲ್ಲ. ಸತ್ತವರನ್ನು ಕೂರಿಸಿ, ಎಡಗೈಯಲ್ಲಿ ಲಿಂಗವಿಟ್ಟು, ಸುತ್ತ ವಿಭೂತಿ ಗಟ್ಟಿ, ಉಪ್ಪು, ಬಿಲ್ವಪತ್ರೆ ತುಂಬಿ ಮಣ್ಣು ಮಾಡುತ್ತೇವೆ. ಇದನ್ನು ನಾನು ಶವಸಂಸ್ಕಾರ ನಡೆಸಿಕೊಡುವ ಫ್ಯೂನರಲ್ ಹೋಮಿನವನಿಗೆ ಇಂಗ್ಲಿಷಿನಲ್ಲಿ ವಿವರಿಸಿದೆ. ಅವನು ಬಹಳ ಮರ್ಯಾದೆಯಿಂದ ಕೇಳಿಸಿಕೊಂಡು, ಆಗುವುದಿಲ್ಲ ಎಂದ. ಆ ಮರ್ಯಾದೆಗೇ ನನಗೆ ಮೈ ಉರಿಯಿತು. ಸ್ಮಶಾನದ ನಿಯಮದಂತೆ ಮರದ ಪೆಟ್ಟಿಗೆ, ಅದರ ಹೊರಗೆ ಕಾಂಕ್ರೀಟಿನ ಪೆಟ್ಟಿಗೆ, ಒಳಗೆ ಮಲಗಿಸಿದ ದೇಹ. ಲಿಂಗ, ಹಣೆಗೆ ವಿಭೂತಿ ಆಗಬಹುದು. ಉಪ್ಪು ಆಗುವುದಿಲ್ಲ.

ಪರಿಚಯದ ಒಬ್ಬ ಅಂಕಲ್ ಬುದ್ಧಿ ಹೇಳಿದರು: "ಕ್ರಿಮೇಷನ್ ಮಾಡ್ಬಿಡಮ್ಮ, ಸಿಂಪಲ್ಲಾಗಿ ಮುಗ್ದೋಗತ್ತೆ. ಇಲ್ಲಾಂದ್ರೆ ಬಾಡೀನ ಇಂಡಿಯಾಗೆ ಕಳ್ಸು."

ಅವ್ವ ಕಡ್ಡಿ ಮುರಿದಂತೆ ಹೇಳಿದಳು: "ನಮ್ಮೊಳಗ ಸುಡೂದಿಲ್ಲ. ಬರ್ಫದಾಗ ಇಟ್ಟು ಲಗೇಜ್ ಜೋಡಿ ಕಳಸೂದೂ ಬ್ಯಾಡ. ಇಲ್ಲೇ ಮಣ್ಣು ಮಾಡ್ರಿ."

ಮಾಡಿದೆವು. ವಾಪಸ್ ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಅವ್ವ ಒಂದೇ ಮಾತು ಅಂದಳು: "ಮಲಗಿಸಿಬಿಟ್ರಲ್ಲವಾ, ಅವರನ್ನ."

ಆ ಮಾತು ಆಮೇಲೆ ನಮ್ಮ ಮನೆಯಲ್ಲೇ ಬೀಡುಬಿಟ್ಟಿತು. ಮೆಂತ್ಯ ಸೋಸುತ್ತಾ ಅನ್ನುತ್ತಿದ್ದಳು, ಕಿಟಕಿಯ ಹತ್ತಿರ ನಿಂತು ಅನ್ನುತ್ತಿದ್ದಳು, ಊಟದ ನಡುವೆ ಕೈ ತಡೆದು ಅನ್ನುತ್ತಿದ್ದಳು. ಅತ್ತಿದ್ದರೆ ಸಮಾಧಾನವನ್ನಾದರೂ ಮಾಡುತ್ತಿದ್ದೆ. ಒಂದು ದಿನ ರೇಗಿಬಿಟ್ಟೆ: "ನಾ ಏನ್ ಮಾಡ್ಬೇಕಿತ್ತವ್ವಾ? ಆ ಫ್ಯೂನರಲ್ ಹೋಮಿನ ಮನಶ್ಯಾನ ಕೂಡ ಕುಸ್ತಿ ಹಿಡೀಬೇಕಿತ್ತೇನು?" ಅವ್ವ ತಟ್ಟೆ ಎತ್ತಿಕೊಂಡು ಎದ್ದುಹೋದಳು. ಮರುದಿನ ಅದೇ ಮಾತು.

ಡಿಸೆಂಬರಿನಲ್ಲಿ ಅವಳು ಊರಿಗೆ ಹೊರಡುವವಳಿದ್ದಳು. ಈ ಮಾತನ್ನು ಹೊತ್ತುಕೊಂಡೇ ಹೋದರೆ ಸಾಯುವವರೆಗೂ ಅದನ್ನೇ ಅನ್ನುತ್ತಾಳೆ ಎಂಬುದು ನನಗೆ ಖಾತ್ರಿಯಾಗಿತ್ತು. ಅಷ್ಟರಲ್ಲಿ ಸ್ಮಶಾನದ ಆಫೀಸಿನ ಹೆಂಗಸು, ಕಲ್ಲು ನಿಲ್ಲಿಸಲು ವಸಂತಕ್ಕಾಗುತ್ತದೆ, ಆದರೆ ತಲೆದೆಸೆಯಲ್ಲಿ ಎರಡು ಗೇಣಿನ ಪಟ್ಟಿಯಲ್ಲಿ ನೀವು ಹೂವಿನ ಗೆಡ್ಡೆ ನೆಡಬಹುದು, ನೆಲ ಹೆಪ್ಪುಗಟ್ಟುವ ಮುಂಚೆ ಬನ್ನಿ ಎಂದಳು. ನನಗೆ ಹುಲ್ಲುಕಡ್ಡಿ ಸಿಕ್ಕ ಹಾಗಾಯಿತು. ಅಪ್ಪನ ಮಣ್ಣಿನಿಂದ ಹೂವೆದ್ದರೆ, ಅದರ ಫೋಟೊ ಹಾವೇರಿಗೆ ಹೋದರೆ, ಆ ಮಾತು ನಿಲ್ಲುತ್ತದೆ ಎಂದು ನಂಬಿದೆ. ಟ್ಯೂಲಿಪ್ ಆದರೆ ಜಿಂಕೆ ತಿಂದುಹಾಕುತ್ತವೆಂದು ಹಳದಿ ಹೂ ಬಿಡುವ ಡ್ಯಾಫಡಿಲ್ ಗೆಡ್ಡೆ ತಂದೆ.

ಅಡುಗೆಮನೆಯ ಟೇಬಲ್ ಮೇಲೆ ಹರಡಿದ್ದರಲ್ಲಿ ಒಂದನ್ನು ಅವ್ವ ಅಂಗೈಯಲ್ಲಿಟ್ಟು ನೋಡಿದಳು.

"ಉಳ್ಳಾಗಡ್ಡಿ ಇದ್ದಂಗೈತಿ."

"ಬಾಯಿಗೆ ಹಾಕ್ಕೊಬ್ಯಾಡ, ವಿಷ ಅದು."

"ಈ ಥಂಡ್ಯಾಗ ಸಾಯೂದಿಲ್ಲೇನು?"

"ಥಂಡೀನ ಬೇಕವ್ವಾ ಅದಕ್ಕ. ಚಳಿಗಾಲ ಪೂರ್ತಿ ಮಣ್ಣಾಗ ಇದ್ರನ ಹೂ ಬಿಡೂದು. ಬುಡ ಕೆಳಗ, ಚೂಪಂದು ಮ್ಯಾಲ ಬರಬೇಕು."

ಅವ್ವ ಅದನ್ನು ಹಾಗೇ ಟೇಬಲ್ ಮೇಲಿಟ್ಟಳು. ಕೆಳಗೆ ಅಗಲ, ಮೇಲೆ ಸಣ್ಣ ತಲೆ, ಮೈಗೆ ಕಂದು ಹೊದಿಕೆ. "ಕುಂತಂಗೈತಿ ನೋಡು," ಅಂದಳು. ಎರಡು ತಿಂಗಳಲ್ಲಿ ಮೊದಲ ಸಲ ಅವಳ ಮುಖದಲ್ಲಿ ಏನೋ ಸ್ವಲ್ಪ ಸಡಿಲಾದದ್ದನ್ನು ಕಂಡೆ. ಆ ವಾರ ಇಂಡಿಯನ್ ಅಂಗಡಿಯಿಂದ ಕಲ್ಲುಪ್ಪು ತರಿಸಿಕೊಂಡಳು. ಹೋಗುವ ಮುಂಚೆ ನಿಂಬೆಹಣ್ಣಿನ ಉಪ್ಪಿನಕಾಯಿ ಹಾಕಿಟ್ಟು ಹೋಗುತ್ತಾಳೆ ಅಂದುಕೊಂಡು ಖುಷಿಪಟ್ಟೆ.

ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಸ್ಮಶಾನಕ್ಕೆ ಹೋದೆವು. ಗಾಳಿ ಕಿವಿ ಕೊರೆಯುತ್ತಿತ್ತು. ಹುಲ್ಲಿನ ತುಂಬ ಬಾತುಗಳ ಹಿಕ್ಕೆ. ನೆಲದ ಮೇಲ್ಪದರ ಆಗಲೇ ಬಿಗಿದಿತ್ತು, ಕೈಗುದ್ದಲಿಯಿಂದ ಗುಳಿ ತೋಡುವುದರಲ್ಲಿ ನನ್ನ ಮಣಿಕಟ್ಟು ಸೋತುಹೋಯಿತು. ಅವ್ವ ಸ್ವೆಟರಿನ ಮೇಲೆ ಅಪ್ಪನ ಕೋಟು ಹಾಕಿಕೊಂಡು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತಿದ್ದಳು. ಚೀಲದಲ್ಲಿ ಕಾಯಿ, ಊದಿನಕಡ್ಡಿ ಇರಬೇಕೆಂದುಕೊಂಡೆ.

"ನೀರು ತೊಗೊಂಬಾ," ಅಂದಳು.

ಪೈಪು ಒಡೆಯದಿರಲೆಂದು ಅಲ್ಲಿನ ನಲ್ಲಿಯನ್ನು ಚಳಿಗಾಲಕ್ಕೆ ಮುಚ್ಚಿದ್ದರು. ಗೇಟಿನ ಹತ್ತಿರ ನಿಲ್ಲಿಸಿದ್ದ ಕಾರಿನವರೆಗೆ ಹೋಗಿ ಬಾಟಲಿ ತರಬೇಕಾಯಿತು. ನಾನು ಬರುವಷ್ಟರಲ್ಲಿ ಗುಳಿಗಳೆಲ್ಲ ಮುಚ್ಚಿದ್ದವು, ಮಣ್ಣನ್ನು ಅಂಗೈಯಿಂದ ತಟ್ಟಿ ಸಮ ಮಾಡಿಯಾಗಿತ್ತು.

"ಬುಡ ಕೆಳಗ ಮಾಡಿ ಹಚ್ಚಿ ಹೌದಿಲ್ಲೊ?"

"ಎಲ್ಲಾ ಕುಂದ್ರಿಸೀನಿ," ಅಂದಳು ಅವ್ವ. ಅವಳ ಬೆರಳು ಬೆಳ್ಳಗಿದ್ದವು. ಊದಿನಕಡ್ಡಿಯ ಬೂದಿ ಅಂದುಕೊಂಡೆ.

ಆವತ್ತಿನಿಂದ ಅವ್ವನ ಬಾಯಲ್ಲಿ ಆ ಮಾತು ಬರಲಿಲ್ಲ. ಹೊಟ್ಟೆ ತುಂಬ ಉಂಡಳು, ನಿದ್ದೆ ಮಾಡಿದಳು. ಉಪ್ಪಿನಕಾಯಿ ಮಾತ್ರ ಹಾಕಲಿಲ್ಲ. ಏರ್‌ಪೋರ್ಟಿನಲ್ಲಿ ನಾನು, "ಹೂ ಬಂದ ಕೂಡ್ಲೆ ಫೋಟೊ ಕಳಸ್ತೀನಿ," ಅಂದೆ. ಅವ್ವ ನನ್ನ ಗಲ್ಲ ಸವರಿ ಒಳಗೆ ಹೋದಳು.

ಮಾರ್ಚಿನ ಕೊನೆಗೆ ಸ್ಮಶಾನವೆಲ್ಲ ಹಳದಿಯಾಯಿತು. ಅಪ್ಪನ ಎಡಕ್ಕೆ ಯಾರೋ ಇಟಾಲಿಯನ್ ಅಜ್ಜಿ, ಅವಳ ತಲೆದೆಸೆಯಲ್ಲಿ ರಾಶಿ ಹೂ. ನಮ್ಮ ಪಟ್ಟಿಯಲ್ಲಿ ಒಂದು ಮೊಳಕೆಯೂ ಇಲ್ಲ. ಅಳಿಲು ತಿಂದಿರಬೇಕು ಅಂದುಕೊಂಡೆ, ತಡವಾಗಿ ನೆಟ್ಟದ್ದಾಯಿತು ಅಂದುಕೊಂಡೆ. ವಾರ ವಾರವೂ ಹೋದೆ, ವಾರ ವಾರವೂ ಬರಿಗೈ. ಪಕ್ಕದ ಅಜ್ಜಿಯ ಹೂಗಳು ಬಾಡಿ ಬಾಗುವ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ. ಮೊಣಕಾಲೂರಿ ಬೆರಳಿನಿಂದಲೇ ಕೆದಕಿದೆ.

ಮೊದಲು ಸಿಕ್ಕಿದ್ದು ವಿಭೂತಿ ಗಟ್ಟಿಯ ತುಂಡು, ನೆನೆದು ಮೆತ್ತಗಾಗಿತ್ತು. ಅದರ ಕೆಳಗೆ ಅವ್ವ ಪೂಜೆಗೆಂದು ಊರಿಂದ ತಂದಿದ್ದ ಬಿಲ್ವದ ಎಲೆ, ಕಪ್ಪಾಗಿತ್ತು. ಅದರಡಿಯಲ್ಲಿ ಗೆಡ್ಡೆ, ಮುಟ್ಟಿದರೆ ಪಿಚಕ್ಕೆನ್ನುವ ಹಾಗೆ ಕೊಳೆತಿತ್ತು. ಇನ್ನೊಂದು ಗುಳಿಯಲ್ಲೂ ಅದೇ. ಎಲ್ಲದರಲ್ಲೂ ಅದೇ. ಕಲ್ಲುಪ್ಪಿನ ಚೀಲ ಆಗ ನೆನಪಾಯಿತು. ಎಲ್ಲಿಲ್ಲದ ಸಿಟ್ಟು ಬಂತು. ಒಂದೊಂದನ್ನೂ ಕಿತ್ತೆ. ಗೆಡ್ಡೆ, ಎಲೆ, ವಿಭೂತಿ ಎಲ್ಲವನ್ನೂ ಬಾಚಿ ಗೇಟಿನ ಹತ್ತಿರದ ಕಸದ ಡಬ್ಬಿಗೆ ಸುರಿದೆ. ಹೊಸ ಮಣ್ಣು ತಂದು ಬೇರೆ ಏನಾದರೂ ನೆಡುತ್ತೇನೆ ಅಂದುಕೊಂಡೆ.

ಆ ಮುಸ್ಸಂಜೆಯಲ್ಲಿ ಕಾರಿನಲ್ಲೇ ಕೂತು ಅವ್ವನಿಗೆ ಫೋನ್ ಮಾಡಿದೆ. ಅಳು ಬರುತ್ತಿತ್ತು. "ಉಪ್ಪ ಹಾಕಿದ್ರ ಏನರೆ ಹುಟ್ಟತೈತೇನವ್ವಾ? ಎಲ್ಲಾ ಕೊಳತು ಹೋಗ್ಯಾವ."

"ಹುಟ್ಟೂದಿಲ್ಲಂತ ನನಗ ಗೊತ್ತೈತಿ," ಅಂದಳು ಅವ್ವ, ಸಮಾಧಾನವಾಗಿ. "ಹೂ ನಿನಗ ಬೇಕಾಗಿದ್ದವು. ನಾ ಹೂ ಹಚ್ಚಾಕ ಬಂದಿರಲಿಲ್ಲವಾ. ನಿಮ್ಮಪ್ಪನ್ನ ಕುಂದ್ರಸಾಕ ಬಂದಿದ್ದೆ."

ಸ್ಟೀರಿಂಗ್ ಮೇಲಿದ್ದ ನನ್ನ ಕೈ ನೋಡಿಕೊಂಡೆ. ಉಗುರಿನ ಸಂದಿಯಲ್ಲಿ ಮಣ್ಣಿನ ಜೊತೆ ವಿಭೂತಿ ಮೆತ್ತಿಕೊಂಡಿತ್ತು.

"ಕೊಳತದ್ದು ನಿನಗ ಹೆಂಗ ಗೊತ್ತಾತು?" ಅವ್ವನ ದನಿ ಬದಲಾಗಿತ್ತು. "ಅಗದೇನು ಅಲ್ಲೆ?"

"ಹೂಂ."

"ಎಲ್ಲಾ ತಗದಿ?"

"ಎಲ್ಲಾ ತಗದೆ, ಅವ್ವಾ."

ಆ ಕಡೆ ಹಾವೇರಿಯ ಮನೆಯಲ್ಲಿ ಬೆಳಗಿನ ಬಸ್ಸಿನ ಹಾರನ್ ಕೇಳಿಸಿತು.

"ಮತ್ತ ಮಲಗಿಸಿಬಿಟ್ಟೆಲ್ಲವಾ, ಅವರನ್ನ."