ಹುಣಸೆಯಲ್ಲಿ ಕರಗಿದ ಆನೆ

ಹೋದ ವಾರ ಅಡುಗೆಮನೆಗೆ ಕಾಲಿಟ್ಟಾಗ ಹುಣಸೆಹುಳಿಯಲ್ಲಿ ನೆನೆದ ತಾಮ್ರದ ವಾಸನೆ ಬಂತು. ಮೊಮ್ಮಗಳು ಲೋಹ ಪತ್ತೆಹಚ್ಚುವ ಯಂತ್ರ ಹಿಡಿದು ಮಣ್ಣಿನಲ್ಲಿ ಹುಡುಕಿ ತಂದ ಹಳೆಯ ಕಾಸನ್ನು ಬಟ್ಟಲಲ್ಲಿ ಮುಳುಗಿಸಿಟ್ಟಿದ್ದಳು. ನಾನು ರೇಗಿದೆ. ಎಂದೂ ಗಟ್ಟಿಯಾಗಿ ಮಾತಾಡದ ಅಜ್ಜಿ ಹಾಗೇಕೆ ಕೂಗಿದಳೆಂದು ನೀವೆಲ್ಲ ಬೆರಗಾದಿರಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ, ಮಕ್ಕಳೇ.

ನನಗೆ ಆಗ ಹತ್ತು ವರ್ಷವಿರಬೇಕು. ರಾಜಾಜಿನಗರದಲ್ಲಿ ಹೊಸ ಮನೆಗಳು ಏಳುತ್ತಿದ್ದ ಕಾಲ. ನಮ್ಮ ಹೊಸಹಳ್ಳಿ ಇನ್ನೂ ಹಳ್ಳಿಯೇ. ಪಕ್ಕದ ಮನೆಯ ದೊಡ್ಡವ್ವ ತಮ್ಮ ರಾಗಿ ಹೊಲದ ಬದಿಯಲ್ಲಿ ಗೊಬ್ಬರದ ಗುಂಡಿ ತೋಡಿಸುವಾಗ ಒಡೆದ ಕುಡಿಕೆಯೊಂದು ಸಿಕ್ಕಿತು. ಅದರೊಳಗೆ ಹಸಿರುಗಟ್ಟಿದ ಐದು ಕಾಸು.

ಹುಣಸೆಹಣ್ಣು ಹಾಕಿ ಉಜ್ಜಿದರೆ ಗಳಿಗೆಯಲ್ಲಿ ಹೊಳೆಯುತ್ತವೆ ಎಂದಳು ನಮ್ಮವ್ವ. ದೊಡ್ಡವ್ವ ಒಳಗಿನಿಂದ ತಾಮ್ರದ ಚೊಂಬೊಂದನ್ನು ತಂದು ನನ್ನ ಮುಂದಿಟ್ಟರು.

"ನನ್ನ ಮದ್ವೇಲಿ ಇದ್ರ ಮೇಲೆ ನಮ್ಮವ್ವನ ಹೆಸ್ರು ಕೆತ್ಸಿದ್ರು ಕಣೇ. ಶುಕ್ರವಾರ ಶುಕ್ರವಾರ ಹುಣ್ಸೇಹಣ್ಣು ಹಾಕಿ ತಿಕ್ಕಿ ತಿಕ್ಕಿ ನಾನೇ ಅಳಿಸ್ಬುಟ್ಟೆ. ಎಲ್ಲೈತೆ, ಹುಡುಕು ನೋಡಾನ."

ಬೆರಳಾಡಿಸಿದೆ. ನುಣುಪಾಗಿತ್ತು...

ಕಾಸುಗಳನ್ನು ಅವರು ನೀರಿನಲ್ಲಿಟ್ಟು ದಿನಾ ನೀರು ಬದಲಿಸಿದರು. ಆಮೇಲೆ ಒಂದು ತಿಂಗಳು ಹರಳೆಣ್ಣೆಯಲ್ಲಿ. ಮೆತ್ತಗಾದ ಮಣ್ಣನ್ನು ಬಿದಿರು ಕಡ್ಡಿಯಿಂದ ಬಿಡಿಸಿ, ಹಳೇ ಸೀರೆಯ ತುಂಡಿನಿಂದ ಒತ್ತಿ ತೆಗೆದರು, ಉಜ್ಜಲಿಲ್ಲ. ಹಸಿರು ಪೂರ್ತಿ ಹೋಗಲಿಲ್ಲ, ಹೋಗುವುದೂ ಬೇಡ ಎಂದರು. ಮೊದಲು ಸೊಂಡಿಲು ಕಂಡಿತು, ಆಮೇಲೆ ಆನೆ. ಅದರ ಮೇಲಿದ್ದ ಅಕ್ಷರವನ್ನು ನಾನೇ ಓದಿದೆ: ಶ್ರೀ. ದೊಡ್ಡವ್ವ ನನ್ನ ಕೆನ್ನೆ ಹಿಂಡಿದರು.

"ಮೈಸೂರು ದೊರೆಗಳ ಆನೆ ಕಾಸು ಕಣೇ ಇದು. ಹಿಂದ್ಗಡೆ ಏನ್ ಬರ್ದವ್ರೆ?"

ಅದು ನಮ್ಮ ಲಿಪಿಯಲ್ಲ, ನನಗೆ ಬರಲಿಲ್ಲ. ತಮ್ಮ ಹೊಲದ ಕಾಸಿನ ಮೇಲೆ ಏನು ಬರೆದಿದೆ ಎಂದು ತಿಳಿಯುವುದೊಂದೇ ಅವರ ಆಸೆ.

ರಾಜಾಜಿನಗರದ ಹೊಸ ಮನೆಯೊಂದರಲ್ಲಿ ಹಳೆಯ ನಾಣ್ಯ ಓದಬಲ್ಲ ಯಜಮಾನರೊಬ್ಬರಿದ್ದರು. ನಾವಿಬ್ಬರೂ ನಡೆದು ಹೋಗಿ ಕೊಟ್ಟುಬಂದೆವು. ಎಂಟು ದಿನ ಬಿಟ್ಟು ಹೋದಾಗ ಕಾಸುಗಳು ತಟ್ಟೆಯಲ್ಲಿ ಹಬ್ಬದ ಪಾತ್ರೆಗಳಂತೆ ಕೆಂಪಗೆ ಹೊಳೆಯುತ್ತಿದ್ದವು. ಹುಣಸೆಯ ವಾಸನೆ ಇನ್ನೂ ಹೋಗಿರಲಿಲ್ಲ.

"ಆನೆ ಎಲ್ಲೋಯ್ತು ಸಾಮಿ?"

"ಕೊಳೆ ಹಿಡಿದಿದ್ದನ್ನ ಹೇಗಮ್ಮ ಮುಟ್ಟೋದು? ಚೆನ್ನಾಗಿ ಬೆಳಗಿಸಿದ್ದೀನಿ. ಸವೆದ ಕಾಸು, ಓದೋಕೆ ಏನೂ ಇಲ್ಲ."

"ಇತ್ತು. ಈ ಕೂಸೇ ಓದ್ತು."

ಯಜಮಾನರು ನನ್ನತ್ತ ತಿರುಗಿದರು. "ಏನೇ, ಓದಿದ್ಯಾ?"

ನಾನು ನೆಲ ನೋಡುತ್ತ ನಿಂತೆ.

"ಮಗೂಗೂ ಗೊತ್ತಿಲ್ಲ ನೋಡಿ" ಎಂದು ನಕ್ಕರು.

ಓದು ಬಲ್ಲವರಂತೆ. ಒಬ್ಬ ಹೆಂಗಸು ತಿಂಗಳಿಗೂ ಹೆಚ್ಚು ಕಾದು ಉಳಿಸಿದ ಬರಹವನ್ನು ಅಳಿಸಿದರು. ಅಳಿಸಿ, ಇರಲೇ ಇಲ್ಲ ಎಂದರು. ಇವತ್ತಿಗೂ ಮೈ ಉರಿಯುತ್ತದೆ. ತಪ್ಪಾಯಿತು ಎಂದಿದ್ದರೆ... ಇಲ್ಲ, ಎಂದಿದ್ದರೂ ನಾನು ಮರೆಯುತ್ತಿರಲಿಲ್ಲ. ಒಂದೇ ಒಂದು ಮಾತು ಆಡದೆ ನಿಂತ ನನ್ನ ಮೇಲೂ ಅಷ್ಟೇ ಸಿಟ್ಟಿದೆ.

ದಾರಿಯಲ್ಲಿ ದೊಡ್ಡವ್ವ ಕೇಳಿದ್ದು ಒಂದೇ. "ನೀನು ಓದಿದ್ದೆ ಅಲ್ವೇನವ್ವ?"

ಹೂಂ ಎಂದೆ.

ಅವರು ಹೋಗಿ ಎಷ್ಟೋ ವರ್ಷವಾಯಿತು. ಆ ಹೊಲದ ಮೇಲೆ ಈಗ ಮನೆಗಳಿವೆ. ನಿಮ್ಮ ಕಾಸನ್ನು ಹುಣಸೆಯಿಂದ ತೆಗೆದು, ನೀರಿನಲ್ಲಿ ತೊಳೆದು, ಹರಳೆಣ್ಣೆಯಲ್ಲಿಟ್ಟಿದ್ದೇನೆ. ಒಂದು ತಿಂಗಳು ಯಾರೂ ಮುಟ್ಟಬೇಡಿ. ಬರಹ ಉಳಿದಿದ್ದರೆ ಬಲ್ಲವರ ಎದುರಿಗೇ ಕುಳಿತು ಓದಿಸಿಕೊಂಡು ಬನ್ನಿ. ಕೇಳಲು ಕಾದಿದ್ದವರು ಇಲ್ಲ... ನನಗೆ ಹೇಳಿ. ಗಟ್ಟಿಯಾಗಿ ಹೇಳಿ.